ಸಣ್ಣ ಲೇಥಿಗೆ ದೊಡ್ಡ ಟೂಲೇಕೆ?

ಸೀನಾ ಮತ್ತು ಭೀಮಾ ನದಿಗಳ ನಡುವಿನ ನಮ್ಮ ಸೀಮೆಯಲ್ಲಿ ಲೇಥು ಯಂತ್ರವು ಈಗ ಅಪರೂಪದ ವಸ್ತುವಾಗಿ ಉಳಿದಿಲ್ಲ. ಬಾವಿಯ ಮೋಟಾರಿನ ಶಾಫ್ಟು ಸವೆದರೆ, ಟ್ರ್ಯಾಕ್ಟರಿನ ಟ್ರಾಲಿಯ ಬುಶ್ ಹೋದರೆ, ಕಬ್ಬಿನ ಹಂಗಾಮಿನಲ್ಲಿ ಯಾವುದೋ ಪಿನ್ನು ಮುರಿದರೆ ಒಕ್ಕಲಿಗನು ಅದನ್ನು ಚೀಲದಲ್ಲಿ ಹಾಕಿಕೊಂಡು ಸೊಲ್ಲಾಪುರಕ್ಕೆ ಹೋಗಬೇಕು. ಒಂದು ದಿನದ ಹೊಲದ ಕೆಲಸ ಕೆಟ್ಟಂತೆಯೇ. ಇದನ್ನೇ ಊರಲ್ಲಿ ಮಾಡಿಕೊಡುವ ಹುಡುಗನಿದ್ದರೆ ಊರಿಗೂ ಅನುಕೂಲ, ಅವನಿಗೂ ಅನ್ನ. ಆದುದರಿಂದ ಐ.ಟಿ.ಐ. ಮುಗಿಸಿದ ಮಗನಿಗೆ ಸಾಲಸೋಲ ಮಾಡಿಯಾದರೂ ಒಂದು ಸಣ್ಣ ಲೇಥು ಕೊಡಿಸಬೇಕೆನ್ನುವ ಪಾಲಕರನ್ನು ನಾನು ಮೆಚ್ಚುತ್ತೇನೆ. ನನ್ನ ತಕರಾರು ಇರುವುದು ಲೇಥು ಬಂದ ಮರುದಿನ ನಡೆಯುವ ವ್ಯವಹಾರದ ಬಗ್ಗೆ.

ಮರುದಿನ ಅಪ್ಪ ಮಗ ಕೂಡಿ ಅಂಗಡಿಗೆ ಹೋಗುತ್ತಾರೆ. ‘ಗಟ್ಟಿಮುಟ್ಟಾದ್ದು ಕೊಡ್ರಿ’ ಎಂದು ಕೇಳಿ, ಕೈಗೆ ಭಾರವೆನಿಸುವ ಹೋಲ್ಡರನ್ನೂ ಕಾರ್ಬೈಡ್ ಟೂಲುಗಳ ಡಬ್ಬಿಯನ್ನೂ ತರುತ್ತಾರೆ. ಎತ್ತಿನ ವಿಷಯದಲ್ಲಿ ನಾವು ಹೀಗೆ ಮಾಡುವುದಿಲ್ಲ. ಎಳೆಯ ಹೋರಿಗಳ ಹೆಗಲಿಗೆ ದೊಡ್ಡ ಎತ್ತುಗಳ ನೊಗ ಹೂಡುವ ಒಕ್ಕಲಿಗನನ್ನು ಊರೇ ನಗುತ್ತದೆ. ಆದರೆ ಕಬ್ಬಿಣದ ವಿಷಯ ಬಂದ ಕೂಡಲೆ ‘ದೊಡ್ಡದಿದ್ದಷ್ಟು ಗಟ್ಟಿ’ ಎಂಬ ಒಂದೇ ಮಾತು ನಡೆಯುತ್ತದೆ. ಸಣ್ಣ ಲೇಥಿನ ಮಟ್ಟಿಗೆ ಈ ಮಾತು ಸುಳ್ಳು. ಸುಳ್ಳು ಮಾತ್ರವಲ್ಲ, ದುಬಾರಿ ಕೂಡ.

ವಿದ್ಯಾರ್ಥಿ ಮಿತ್ರರೇ, ಇದು ನಮಗೆ ದೂರದ ವಿದ್ಯೆಯೇನೂ ಅಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡುತ್ತ 1910ರಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಮನೆತನದವರೇ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರಖಾನೆ ತೆಗೆದು ಲೇಥುಗಳನ್ನು ಮಾಡಿದರು. 1953ರಲ್ಲಿ ಬೆಂಗಳೂರಿನ ಎಚ್.ಎಂ.ಟಿ. ಆರಂಭವಾಯಿತು. ಹರಿಹರದ ಕಾರಖಾನೆ ಮುಚ್ಚಿದ ಮೇಲೂ ಅಲ್ಲಿಯ ಲೇಥುಗಳು ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ತಿರುಗುತ್ತಲೇ ಇವೆ. ಯಂತ್ರ ಮಾಡಿದವರು ನಮ್ಮವರೇ. ಅದಕ್ಕೆ ಟೂಲು ಹೊಂದಿಸುವಷ್ಟು ಲೆಕ್ಕ ನಮಗೆ ಬರಬಾರದೆ?

ಲೇಥಿನಲ್ಲಿ ಎಲ್ಲಕ್ಕೂ ಮೂಲವಾದುದು ಸೆಂಟರಿನ ಎತ್ತರ. ಕೆಲಸದ ತುಂಡು ಯಾವ ರೇಖೆಯ ಸುತ್ತ ತಿರುಗುತ್ತದೆಯೋ ಟೂಲಿನ ತುದಿ ಆ ರೇಖೆಯ ಮಟ್ಟಕ್ಕೇ ಕೂಡಬೇಕು. ಟೇಲ್‌ಸ್ಟಾಕಿನಲ್ಲಿ ಸೆಂಟರ್ ಹಾಕಿರಿ. ಅದರ ಚೂಪು ತುದಿಯೇ ಆ ಮಟ್ಟ. ಟೂಲ್‌ಪೋಸ್ಟಿನಲ್ಲಿ ಟೂಲು ಕೂಡುವ ಕಟ್ಟೆಯಿಂದ ಈ ಚೂಪಿನವರೆಗೆ ಪಟ್ಟಿ ಹಿಡಿದು ಅಳೆಯಿರಿ. ಉದಾಹರಣೆಗೆ 14 ಮಿ.ಮೀ. ಬಂತೆನ್ನೋಣ. ಪೇಟೆಯಲ್ಲಿ ಸಿಗುವ ಇನ್ಸರ್ಟ್ ಹೋಲ್ಡರುಗಳು 10, 12, 16, 20, 25 ಮಿ.ಮೀ. ಚೌಕದವು, ಸಾಮಾನ್ಯವಾಗಿ ಅವುಗಳ ತುದಿ ದಂಡಿನ ಮೇಲ್ಮಟ್ಟಕ್ಕೆ ಸಮನಾಗಿರುತ್ತದೆ. 12ರದನ್ನು ತಂದರೆ ಕೆಳಗೆ 2 ಮಿ.ಮೀ. ತಗಡು ಕೊಟ್ಟರೆ ಮುಗಿಯಿತು. 16ರದನ್ನು ತಂದರೆ ತುದಿ 2 ಮಿ.ಮೀ. ಮೇಲೆ ನಿಲ್ಲುತ್ತದೆ. ತಗಡು ಹಾಕಿ ಏರಿಸಬಹುದು, ಇಳಿಸುವುದು ಹೇಗೆ?

‘ಎರಡು ಮಿಲಿಮೀಟರಿಗೆ ಏನಾಗುತ್ತದೆ?’ ಎನ್ನುವವರಿದ್ದಾರೆ. ಹತ್ತನೆಯ ಇಯತ್ತೆಯವರು ತ್ರಿಕೋನಮಿತಿ ಕಲಿತಿದ್ದೀರಿ, ಲೆಕ್ಕ ಮಾಡಿ ನೋಡಿರಿ. 20 ಮಿ.ಮೀ. ವ್ಯಾಸದ ಸಲಾಕೆಯನ್ನು ತಿರುವುವಾಗ ತುದಿ ಬರಿ 1 ಮಿ.ಮೀ. ಮೇಲಿದೆಯೆನ್ನಿ. ತ್ರಿಜ್ಯ 10, ಒಂದನ್ನು ಹತ್ತರಿಂದ ಭಾಗಿಸಿದರೆ 0.1. ಅದು ಸುಮಾರು 6 ಅಂಶದ ಕೋನದ ಸೈನ್. ಟೂಲಿನ ಮೂತಿಯ ಕೆಳಗೆ ಉಜ್ಜದಂತೆ ಬಿಡುವ ಇಳಿಜಾರೇ ಸಾಮಾನ್ಯವಾಗಿ 6ರಿಂದ 8 ಅಂಶ. ಎಂದರೆ ಇದ್ದ ಬಿಡುವೆಲ್ಲ ಹೆಚ್ಚುಕಡಿಮೆ ಹೋಯಿತು. ಟೂಲು ಕತ್ತರಿಸುವ ಬದಲು ಉಜ್ಜುತ್ತದೆ, ಕಾಯುತ್ತದೆ, ಹೊಗೆ ಬರುತ್ತದೆ; ಹುಡುಗ ‘ಟೂಲೇ ಸರಿಯಿಲ್ಲ’ ಎಂದು ಅಂಗಡಿಯವನನ್ನು ಬೈಯುತ್ತಾನೆ. 100 ಮಿ.ಮೀ. ವ್ಯಾಸದ ಕೆಲಸಕ್ಕೆ ಅದೇ 1 ಮಿ.ಮೀ.ಯ ತಪ್ಪು ಒಂದು ಅಂಶಕ್ಕೆ ತುಸು ಹೆಚ್ಚು, ಅಷ್ಟೇ. ದೊಡ್ಡ ಯಂತ್ರದ ಮೇಲೆ ದೊಡ್ಡ ಕೆಲಸ ಮಾಡಿದವರಿಗೆ ಈ ತಪ್ಪು ಕಾಣದಿರುವುದಕ್ಕೆ ಕಾರಣ ಇದೇ. ಅವರ ಮಾತನ್ನು ನಮ್ಮ ಸಣ್ಣ ಪಿನ್ನಿಗೆ ಅನ್ವಯಿಸಲಾಗದು. ಇನ್ನು ತುದಿ ಕೆಳಗಾದರೆ ಮುಖ ತಿರುವುವಾಗ ನಟ್ಟನಡುವೆ ಒಂದು ಮೊಳೆ ಉಳಿಯುತ್ತದೆ: 2 ಮಿ.ಮೀ. ಕೆಳಗಿದ್ದರೆ 4 ಮಿ.ಮೀ. ದಪ್ಪದ ಮೊಳೆ.

ಇಷ್ಟಾದ ಮೇಲೆ ಕೆಲವರು ಹೊಸ ಹೋಲ್ಡರಿನ ತಳವನ್ನೇ ಗ್ರೈಂಡರಿಗೆ ಹಿಡಿದು ತೆಳ್ಳಗೆ ಮಾಡುತ್ತಾರೆ. ಕೈಯಿಂದ ಹಿಡಿದು ಉಜ್ಜಿದ ತಳ ಎಂದೂ ಸಮತಟ್ಟಾಗದು. ಬೋಲ್ಟು ಬಿಗಿದರೂ ಅದು ಮೂಲೆಯ ಮೇಲೆ ನಿಂತು ಅಲುಗಾಡುತ್ತದೆ. ಗಟ್ಟಿ ಬೇಕೆಂದು ಹೆಚ್ಚು ಹಣ ಕೊಟ್ಟು ದಪ್ಪ ಹೋಲ್ಡರು ತಂದು, ಅದನ್ನೇ ಸವೆಸಿ ಸಡಿಲ ಮಾಡುವುದಕ್ಕೆ ಏನೆನ್ನಬೇಕು!

ಗಟ್ಟಿತನದ ಮಾತಿನಲ್ಲಿಯೂ ಸ್ವಲ್ಪ ವಿಚಾರ ಬೇಕು. ದಪ್ಪ ದಂಡು ಕಡಿಮೆ ಬಾಗುತ್ತದೆಂಬುದು ನಿಜ. ಆದರೆ ಸಣ್ಣ ಲೇಥಿನಲ್ಲಿ ಬಾಗುವುದು ದಂಡಲ್ಲ. ಅದರ ಕೆಳಗಿನ ಸ್ಲೈಡು, ಅದರ ಪಟ್ಟಿ, ಅದರ ತಿರುಪು. ತೊಲೆಯನ್ನು ದಪ್ಪ ಮಾಡಿ ಗೋಡೆಯನ್ನು ಮಣ್ಣಿನದನ್ನೇ ಇಟ್ಟಂತಾಯಿತು.

ದಂಡಿನ ದಪ್ಪ ನಿಜಕ್ಕೂ ಲೆಕ್ಕಕ್ಕೆ ಬರುವುದು ಒಳಗಿನ ತೂತು ತಿರುವುವಾಗ, ಎಂದರೆ ಬೋರಿಂಗ್ ಬಾರಿನಲ್ಲಿ. ನಮ್ಮ ಕಡೆ ಬರುವ ಕೆಲಸದಲ್ಲಿ ಬುಶ್‌ಗಳೇ ಹೆಚ್ಚಾದುದರಿಂದ ಇದನ್ನು ಸರಿಯಾಗಿ ತಿಳಿಯಬೇಕು. ಬಾರು ಹೊರಚಾಚಿದ ಉದ್ದ ಎರಡು ಪಟ್ಟಾದರೆ ಅದು ಬಾಗುವುದು ಎಂಟು ಪಟ್ಟು. ವ್ಯಾಸ ಅರ್ಧವಾದರೆ ಬಾಗುವುದು ಹದಿನಾರು ಪಟ್ಟು. ಆದುದರಿಂದ ತೂತಿನಲ್ಲಿ ಹಿಡಿಸುವಷ್ಟರಲ್ಲಿ, ಚೂರು ಹೊರಬರಲು ಜಾಗ ಬಿಟ್ಟು, ದಪ್ಪದ್ದನ್ನು ಆರಿಸಬೇಕು. ಉಕ್ಕಿನ ಬಾರು ತನ್ನ ವ್ಯಾಸದ ನಾಲ್ಕು ಪಟ್ಟಿಗಿಂತ ಹೆಚ್ಚು ಹೊರಗೆ ಚಾಚದಂತೆ ನೋಡಿಕೊಳ್ಳಬೇಕು. 10 ಮಿ.ಮೀ. ಬಾರಿಗೆ 40 ಮಿ.ಮೀ. ಆಳ ಸಾಕು. ಅದರಾಚೆ ಹೋದರೆ ಲೇಥು ಗರ್ರೆಂದು ನಡುಗಿ, ಬುಶ್ಶಿನ ಒಳಮೈ ಹಪ್ಪಳದಂತೆ ಗುಳ್ಳೆಗುಳ್ಳೆಯಾಗುತ್ತದೆ. ಹೊರಗಿನ ಕೆಲಸದಲ್ಲೂ ದೊಡ್ಡ ಹೋಲ್ಡರಿಗಿಂತ ಗಿಡ್ಡ ಚಾಚು ಮೇಲು. ಇದಕ್ಕೆ ಬಿಡಿಕಾಸಿನ ಖರ್ಚೂ ಇಲ್ಲ.

ಕಾರ್ಬೈಡ್ ಬೇಡವೆ? ಬೇಕು, ಆದರೆ ಮೊದಲಿಗೇ ಬೇಡ ಎಂಬುದು ನನ್ನ ಮತ. ಕಾರ್ಬೈಡಿನ ಹೆಚ್ಚುಗಾರಿಕೆ ವೇಗದಲ್ಲಿದೆ. ಮೆತು ಉಕ್ಕನ್ನು ನಿಮಿಷಕ್ಕೆ 100 ಮೀಟರಿನಂತೆ, 2 ಮಿ.ಮೀ. ಆಳ, ಸುತ್ತಿಗೆ 0.2 ಮಿ.ಮೀ. ಸರಿತದಲ್ಲಿ ತಿರುವಲು ಸುಮಾರು ಎರಡು ಅಶ್ವಶಕ್ತಿ ಬೇಕು. ಸಣ್ಣ ಲೇಥಿಗೆ ಇರುವುದು ಅರ್ಧ ಅಶ್ವಶಕ್ತಿಯ ಮೋಟಾರು. ಮೇಲಾಗಿ 20 ಮಿ.ಮೀ. ಸಲಾಕೆಗೆ ಆ ವೇಗ ಬರಬೇಕಾದರೆ ನಿಮಿಷಕ್ಕೆ ಸುಮಾರು 1,600 ಸುತ್ತು ತಿರುಗಬೇಕು. ಹಳೆಯ ಬೆಲ್ಟಿನ ಲೇಥು ಎಲ್ಲಿಂದ ತಿರುಗೀತು? ಅದೇ ಹೈಸ್ಪೀಡ್ ಉಕ್ಕಿನ ಟೂಲಿಗೆ ನಿಮಿಷಕ್ಕೆ 25 ಮೀಟರ್, ಎಂದರೆ 400 ಸುತ್ತು ಸಾಕು. ಒಂದು ಮಿ.ಮೀ. ಆಳ, 0.1 ಸರಿತ ಕೊಟ್ಟರೆ ಅರ್ಧ ಅಶ್ವಶಕ್ತಿಯ ಮೋಟಾರು ಹಾಡುತ್ತ ಕೆಲಸ ಮಾಡುತ್ತದೆ. ಟೇಲರ್ ಮತ್ತು ವ್ಹೈಟ್ ಎಂಬ ಅಮೆರಿಕದ ಇಬ್ಬರು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಜಾತಿಯ ಉಕ್ಕನ್ನು ತೋರಿಸಿದಾಗ ಜನ ಬೆರಗಾಗಿದ್ದರು. ನೂರು ವರ್ಷ ಮೀರಿದರೂ ಅದು ಹಳತಾಗಿಲ್ಲ.

ಎರಡು ಸೂತ ಅಥವಾ ಮೂರು ಸೂತಿನ ಚೌಕ ಬಿಟ್ಟು, ಎಂದರೆ ಕಾಲು ಇಂಚಿನದು ಅಥವಾ ಮುಕ್ಕಾಲರ್ಧ ಇಂಚಿನದು, ಬಹುತೇಕ ಸಣ್ಣ ಲೇಥುಗಳಿಗೆ ಕೂಡುತ್ತದೆ. ಮೊಂಡಾದರೆ ಸಾಣೆಗೆ ಹಿಡಿಯಬಹುದು. ಆಟೆ ತೆಗೆಯಲು, ಗಾಡಿ ಕೊರೆಯಲು ಬೇಕಾದ ಆಕಾರ ಕೊಡಬಹುದು. ಸಾಣೆ ಹಿಡಿಯಲು ಕೈ ಪಳಗಬೇಕು, ಅದಕ್ಕೆ ತಿಂಗಳುಗಳೇ ಬೇಕು ಎಂಬ ಆಕ್ಷೇಪಣೆ ಸರಿಯಾದುದೇ. ಆದರೆ ಆ ತಿಂಗಳುಗಳಲ್ಲಿ ಹುಡುಗನು ಟೂಲು ಏಕೆ ಕತ್ತರಿಸುತ್ತದೆ ಎಂಬುದನ್ನು ಕಲಿಯುತ್ತಾನೆ. ಡಬ್ಬಿಯಿಂದ ತೆಗೆದು ಸಿಕ್ಕಿಸುವವನು ಕಲಿಯುವುದಿಲ್ಲ. ಪಂಪಿನ ಬೀಡಿನ ಮೇಲ್ಪದರ ಮರಳಿನಿಂದ ಒರಟಾಗಿರುತ್ತದೆ, ಹದ ಮಾಡಿದ ಶಾಫ್ಟು ಗಡುಸಾಗಿರುತ್ತದೆ. ಅಂಥವಕ್ಕಾಗಿ ಒಂದೆರಡು ಕಾರ್ಬೈಡ್ ಇರಲಿ. ಇನ್ಸರ್ಟ್ ಕೊಳ್ಳುವುದಾದರೆ ಸಿಸಿಎಂಟಿ 060204 ಎಂಬ ಸಣ್ಣ ಜಾತಿಯದನ್ನು ಕೊಳ್ಳಿರಿ. 06 ಎಂದರೆ ಅಂಚಿನ ಉದ್ದ ಸುಮಾರು 6 ಮಿ.ಮೀ., 04 ಎಂದರೆ ಮೂತಿಯ ದುಂಡು 0.4 ಮಿ.ಮೀ. ಸಿಎನ್ಎಂಜಿ ಎಂದು ಬರೆದದ್ದು ಬಲವಾದ ಯಂತ್ರಗಳಿಗೆ. ಅದನ್ನು ಒತ್ತಿ ನಡೆಸುವ ಶಕ್ತಿ ನಮ್ಮ ಸಣ್ಣ ಲೇಥಿಗಿಲ್ಲ.

ಈ ಸಂಖ್ಯೆಗಳು ಸೊಲ್ಲಾಪುರದ ಐ.ಟಿ.ಐ.ಗೆ ಹೋದ ನಮ್ಮ ಕನ್ನಡ ಶಾಲೆಯ ಹುಡುಗರಿಗೆ ಮೊದಮೊದಲು ತೊಡಕಾಗುತ್ತವೆ. ಮನೆಯಲ್ಲಿ ಕನ್ನಡ, ಪಾಠ ಮರಾಠಿ, ಟೂಲಿನ ಹೆಸರು ಇಂಗ್ಲಿಷು. ಆದರೆ ಮಿಲಿಮೀಟರಿಗೆ ಭಾಷೆಯಿಲ್ಲ. ಪಟ್ಟಿಯನ್ನೂ ವರ್ನಿಯರ್ ಕ್ಯಾಲಿಪರನ್ನೂ ಓದುವ ಅಭ್ಯಾಸ ನಮ್ಮ ಪ್ರಯೋಗಶಾಲೆಯಲ್ಲೇ ಆಗಬೇಕು. ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ ಮಾತ್ರ ಕಪಾಟಿನಿಂದ ಹೊರಬರುವ ಕ್ಯಾಲಿಪರಿನಿಂದ ಯಾರಿಗೂ ಉಪಯೋಗವಿಲ್ಲ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಅಂಗಡಿಗೆ ಹೊರಡುವ ಮುಂಚೆ ಮಗನಿಂದ ನಾಲ್ಕು ಅಳತೆಗಳನ್ನು ಚೀಟಿಯಲ್ಲಿ ಬರೆಸಿಕೊಳ್ಳಿರಿ: ಕಟ್ಟೆಯಿಂದ ಸೆಂಟರಿನವರೆಗಿನ ಎತ್ತರ, ಟೂಲ್‌ಪೋಸ್ಟಿನ ಗಾಡಿಯ ಬಾಯಿ, ಮೋಟಾರಿನ ಅಶ್ವಶಕ್ತಿ, ಟೇಲ್‌ಸ್ಟಾಕಿನ ಮೋರ್ಸ್ ಟೇಪರಿನ ನಂಬರು. ಕೊನೆಯದು ಡ್ರಿಲ್ ಚಕ್ಕು ಕೊಳ್ಳುವಾಗ ಬೇಕಾಗುತ್ತದೆ. ಒಂದನೆಯ ನಂಬರಿನ ಟೇಪರಿಗೆ ಎರಡನೆಯದು ಒಳಗೆ ಹೋಗುವುದಿಲ್ಲ. ಚೀಟಿಯನ್ನು ನೋಡದೆ ಹೋಲ್ಡರು ಕೊಡಲು ಬರುವ ಅಂಗಡಿ ಬಿಟ್ಟು ಮುಂದಿನ ಅಂಗಡಿಗೆ ಹೋಗಿರಿ. ಅಲ್ಲಿಯೇ ಒಂದು ಕಣ್ಣಿನ ಕನ್ನಡಕವನ್ನೂ ಕೊಳ್ಳಿರಿ, ಏಕೆಂದರೆ ಸರಿಯಾದ ಅಳತೆಯ ಟೂಲೂ ಒಮ್ಮೊಮ್ಮೆ ಮುರಿದು ಸಿಡಿಯುತ್ತದೆ.