ಸರ್ಪಗಂಧದ ಬೇರು

ದೇಶೀಯ ವೈದ್ಯವು ದೇಶದ ಆರೋಗ್ಯಕ್ಕೆ ಉಪಯುಕ್ತವೋ ಅಲ್ಲವೋ ಎಂಬ ವಾದವು ನಮ್ಮ ಮನೆಗಳಲ್ಲಿ ಇನ್ನೂ ಮುಗಿದಿಲ್ಲ. ಹಳೆಯದೆಲ್ಲವೂ ಅಮೃತವೆಂಬುದು ಒಂದು ಪಕ್ಷ; ಹಳೆಯದೆಲ್ಲವೂ ಮೌಢ್ಯವೆಂಬುದು ಮತ್ತೊಂದು ಪಕ್ಷ. ಈ ಎರಡಕ್ಕೂ ಉತ್ತರವು ಒಂದೇ ಬೇರಿನಲ್ಲಿ ದೊರೆಯುವುದೆಂದು ನಾವು ಭಾವಿಸುತ್ತೇವೆ. ಅದು ಸರ್ಪಗಂಧದ ಬೇರು.

ಇದನ್ನು ನಮ್ಮ ದೇಶದ ವೈದ್ಯರು ಪೂರ್ವದಿಂದಲೂ ನಿದ್ರಾನಾಶಕ್ಕೂ ಉನ್ಮಾದಕ್ಕೂ ಹಾವಿನ ಕಡಿತಕ್ಕೂ ಕೊಡುತ್ತ ಬಂದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನರೂ ಕಾರ್ತಿಕಚಂದ್ರ ಬೋಸರೂ ಈ ಬೇರು ಉನ್ಮಾದವನ್ನು ಶಮನಗೊಳಿಸುವುದಲ್ಲದೆ ರಕ್ತದ ಒತ್ತಡವನ್ನೂ ತಗ್ಗಿಸುವುದೆಂದು ಬರೆದು ಪ್ರಕಟಿಸಿದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ಅದನ್ನು ರೋಗಿಗಳಿಗೆ ಕೊಟ್ಟು ಪರೀಕ್ಷಿಸಿ, ಕಂಡ ಫಲವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಜ್ಞರು ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಪ್ರತ್ಯೇಕಿಸಿದರು. ಅನಂತರ ಅದು ಅನೇಕ ದೇಶಗಳ ಆಸ್ಪತ್ರೆಗಳನ್ನು ಹೊಕ್ಕಿತು. ಪರಂಪರೆಯ ಜ್ಞಾನವನ್ನು ಹೀಯಾಳಿಸುವವರು ಇದನ್ನು ನೆನೆಯತಕ್ಕದ್ದು.

ಆದರೆ ಕಥೆಯು ಇಲ್ಲಿಗೇ ಮುಗಿಯಲಿಲ್ಲ. ಗುಣವನ್ನು ತೋರಿಸಿದ ಪರೀಕ್ಷೆಯೇ ದೋಷವನ್ನೂ ತೋರಿಸಿತು. ಈ ಔಷಧವನ್ನು ಸೇವಿಸಿದ ಕೆಲವರಲ್ಲಿ ಮನಸ್ಸಿನ ಖಿನ್ನತೆಯು ಕಂಡುಬಂದಿತು. ಬೇರೆ ಔಷಧಗಳು ಬಂದ ಮೇಲೆ ಇದರ ಬಳಕೆಯು ಕುಗ್ಗಿತು. ಇನ್ನು ಹಾವಿನ ಕಡಿತದ ಮಾತು. ವಿಷವೇರಿದವನಿಗೆ ಇಂದು ಸಿದ್ಧವಾದ ಚಿಕಿತ್ಸೆಯೆಂದರೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಚುಚ್ಚುಮದ್ದು. ಬೇರನ್ನು ಅರೆಯುತ್ತ ಕುಳಿತರೆ ಪ್ರಾಣವು ಹೋದೀತು. ಒಂದೇ ಬೇರು, ಒಂದೇ ಪರಂಪರೆ. ಆದರೂ ಒಂದು ಮಾತು ನಿಂತಿತು, ಇನ್ನೊಂದು ನಿಲ್ಲಲಿಲ್ಲ. ಅರಿಯದೆ ಕೊಟ್ಟ ಔಷಧವು ವಿಷಕ್ಕೆ ಸಮಾನವೆಂಬ ಎಚ್ಚರವು ಚರಕಸಂಹಿತೆಯಲ್ಲಿಯೇ ಉಂಟು. ಆದುದರಿಂದ ಪರೀಕ್ಷೆಯನ್ನು ಬೇಡುವುದು ಶಾಸ್ತ್ರದ್ರೋಹವಲ್ಲ.

2014ರಿಂದ ಭಾರತ ಸರ್ಕಾರದಲ್ಲಿ ಆಯುಷ್ ಎಂಬ ಪ್ರತ್ಯೇಕ ಸಚಿವಾಲಯವಿದೆ. ದೇಶೀಯ ವೈದ್ಯಕ್ಕೆ ಗೌರವದ ಪೀಠವು ದೊರೆತುದು ಸಂತೋಷದ ವಿಷಯವೇ. ಆದರೆ ನಮ್ಮ ಅಭಿಪ್ರಾಯದಲ್ಲಿ, ಯಾವ ಔಷಧವು ಯಾವ ರೋಗಕ್ಕೆ, ಯಾವ ಪ್ರಮಾಣದಲ್ಲಿ ಸಲ್ಲುವುದೆಂಬುದನ್ನು ಒಂದೊಂದಾಗಿ ಪರೀಕ್ಷಿಸಿ ಪ್ರಜೆಗಳಿಗೆ ತಿಳಿಸಿದಾಗಲೇ ಆ ಗೌರವವು ಸಾರ್ಥಕವಾಗುವುದು.

ಗೃಹಸ್ಥರಿಗೆ ನಮ್ಮ ವಿಜ್ಞಾಪನೆಯು ಇಷ್ಟೇ. ರಕ್ತದ ಒತ್ತಡಕ್ಕೆ ಡಾಕ್ಟರರು ಬರೆದುಕೊಟ್ಟ ಮಾತ್ರೆಯನ್ನು ನೆರೆಯವರ ಮಾತು ಕೇಳಿ ನಿಲ್ಲಿಸಬೇಡಿರಿ. ಅದರೊಡನೆ ಈ ಬೇರಿನ ಚೂರ್ಣವನ್ನೂ ಗುಟ್ಟಾಗಿ ಸೇವಿಸಿದರೆ ಒತ್ತಡವು ಮಿತಿಮೀರಿ ಇಳಿಯಬಹುದು. ಮನೆಯಲ್ಲಿ ಕಷಾಯವನ್ನೋ ಲೇಹ್ಯವನ್ನೋ ತೆಗೆದುಕೊಳ್ಳುವವರಿದ್ದರೆ ಡಾಕ್ಟರರ ಮುಂದೆಯೂ ಪಂಡಿತರ ಮುಂದೆಯೂ ಅದನ್ನು ಸಂಕೋಚವಿಲ್ಲದೆ ಹೇಳಿರಿ. ಹೇಳುವುದರಲ್ಲಿ ಅವಮಾನವೇನೂ ಇಲ್ಲ, ಮರೆಮಾಚುವುದರಲ್ಲಿ ಅಪಾಯವುಂಟು.