ಕೆಲಸ ಸಿಕ್ಕಿತು, ಲೆಕ್ಕ ಇಟ್ಟಿರಾ?

ಕೆಲಸ ಸಿಗುವವರೆಗೆ ನಮಗೆ ಸಲಹೆಗಳಿಗೆ ಬರವಿಲ್ಲ. ರೆಸ್ಯೂಮೆ ಹೀಗಿರಲಿ, ಸಂದರ್ಶನದಲ್ಲಿ ಹೀಗೆ ಮಾತಾಡಿ, ಇಂಗ್ಲಿಷ್ ಸುಧಾರಿಸಿಕೊಳ್ಳಿ ಎಂದು ಹೇಳಲು ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ನಿಂದ ಹಿಡಿದು ಪಕ್ಕದ ಮನೆಯ ಅಂಕಲ್‌ವರೆಗೆ ಎಲ್ಲರೂ ಸಿದ್ಧ. ಆಫರ್ ಲೆಟರ್ ಬಂದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಸಲಹೆಗಳು ಅಲ್ಲಿಗೆ ಮುಗಿಯುತ್ತವೆ. ಹೆಣ್ಣುಮಕ್ಕಳಿಗಂತೂ ಆಮೇಲೆ ಬರುವುದು ಒಂದೇ ಪ್ರಶ್ನೆ: ಮದುವೆ ಯಾವಾಗ?

ನಾನು ಶಿರಾ ಕಡೆಯವಳು. ಆರು ವರ್ಷದಿಂದ ಬೇಗೂರಿನಲ್ಲಿದ್ದೇನೆ. ಮೊದಲು ಪಿಜಿ, ಈಗ ಗೆಳತಿಯರ ಜೊತೆ ಬಾಡಿಗೆ ಮನೆ. ಕೆಲಸ ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಇಷ್ಟು ದಿನದಲ್ಲಿ ನಾನು ಕಂಡಂತೆ ಹುಡುಗಿಯರು ಕೆಲಸಕ್ಕೆ ಸೇರುವಾಗ ಯಾರಿಗೂ ಕಡಿಮೆ ಇರುವುದಿಲ್ಲ. ಮೂರನೆಯ, ನಾಲ್ಕನೆಯ ವರ್ಷ, ಮೊದಲ ಬಡ್ತಿಯ ಹೊತ್ತಿಗೆ ಹಿಂದೆ ಬೀಳುತ್ತಾರೆ. ಬುದ್ಧಿಯೂ ದುಡಿಮೆಯೂ ಮೊದಲಿನಂತೆಯೇ ಇರುತ್ತವೆ. ಆದರೆ ಮಾಡಿದ ಕೆಲಸದ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ನಮಗೆ ಹೇಳುವ ಸ್ಫೂರ್ತಿಯ ಕಥೆಗಳೆಲ್ಲ ಬಾಗಿಲು ತೆರೆಸಿದವರ ಕಥೆಗಳು. ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೊ ಜಾಹೀರಾತು ಕಂಡು, 1974ರಲ್ಲಿ ನೇರವಾಗಿ ಜೆಆರ್‌ಡಿ ಟಾಟಾ ಅವರಿಗೇ ಕಾರ್ಡು ಬರೆದ ಸುಧಾ ಮೂರ್ತಿ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಓದಿ ಬಂದರೂ ಹೆಣ್ಣೆಂಬ ಕಾರಣಕ್ಕೆ ಕೆಲಸ ಸಿಗದೆ, 1978ರಲ್ಲಿ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಬಯೋಕಾನ್ ಆರಂಭಿಸಿದ ಕಿರಣ್ ಮಜುಂದಾರ್ ಷಾ. ಇಂಥವರಿಂದಾಗಿ ಬಾಗಿಲು ತೆರೆದಿದೆ. ನಾವು ಸಿಕ್ಕಿಕೊಂಡಿರುವುದು ಒಳಗಿನ ಮೊದಲ ಮೆಟ್ಟಿಲಲ್ಲಿ. ಬೇರೆ ಕಡೆಯೂ ಇದೇ ಕಥೆ. ಅಮೆರಿಕದ ಕಂಪನಿಗಳ ಬಗ್ಗೆ ಮೆಕಿನ್ಸಿ ಮತ್ತು ಲೀನ್‌ಇನ್ ಸಂಸ್ಥೆಗಳು 2024ರಲ್ಲಿ ಹೊರತಂದ ವರದಿಯ ಪ್ರಕಾರ, ಮೊದಲ ಸಲ ಮ್ಯಾನೇಜರ್ ಹುದ್ದೆಗೆ 100 ಗಂಡಸರಿಗೆ ಬಡ್ತಿ ಸಿಕ್ಕರೆ ಹೆಂಗಸರಲ್ಲಿ ಸಿಗುವುದು 81 ಮಂದಿಗೆ.

ಇದು ಹೇಗೆ ಆಗುತ್ತದೆ ಎಂಬುದಕ್ಕೆ ನಾನಿದ್ದ ತಂಡದ ಉದಾಹರಣೆ ಕೊಡುತ್ತೇನೆ. ಹನ್ನೊಂದು ಜನರಲ್ಲಿ ನಾವು ಮೂವರು ಹುಡುಗಿಯರು. ಮೀಟಿಂಗ್‌ನ ಟಿಪ್ಪಣಿ ಬರೆಯುವುದು, ಹೊಸಬರಿಗೆ ಕೆಲಸ ಕಲಿಸುವುದು, ಬರ್ತ್‌ಡೇ ಕೇಕಿಗೆ ಹಣ ಕೂಡಿಸುವುದು, ಆಯುಧಪೂಜೆಯ ಹೂವು, ರಾಜ್ಯೋತ್ಸವದ ರಂಗೋಲಿ, ಎಲ್ಲವೂ ಈ ಮೂವರ ನಡುವೆಯೇ ಸುತ್ತುತ್ತಿತ್ತು. ನಮ್ಮಲ್ಲೊಬ್ಬಳು ಒಂದೇ ವರ್ಷದಲ್ಲಿ ನಾಲ್ವರು ಹೊಸಬರನ್ನು ತಯಾರು ಮಾಡಿದಳು. ಅಪ್ರೈಸಲ್‌ನಲ್ಲಿ ಅವಳಿಗೆ ಸಿಕ್ಕ ಮಾತು, 'ನಿನ್ನ ವಿಸಿಬಿಲಿಟಿ ಸಾಲದು'. ಅವಳಿಂದಲೇ ಕೆಲಸ ಕಲಿತ ಹುಡುಗನಿಗೆ ಮುಂದಿನ ವರ್ಷ ಬಡ್ತಿ ಬಂತು. ಅವಳು ರಾಜೀನಾಮೆ ಕೊಟ್ಟು ಊರಿಗೆ ಹೋದಳು. ಮನೆಯವರು ಮದುವೆಗೆ ಬಿಟ್ಟಳು ಎಂದುಕೊಂಡರು. ಕಂಪನಿಯ ದಾಖಲೆಯಲ್ಲಿ 'ವೈಯಕ್ತಿಕ ಕಾರಣ' ಎಂದಿದೆ.

ಹೆಣ್ಣುಮಕ್ಕಳೇ ಮೇಲೆ ಬಿದ್ದು ಇಂಥ ಕೆಲಸ ಒಪ್ಪಿಕೊಳ್ಳುತ್ತಾರೆ, ಅದು ಅವರ ಸ್ವಭಾವ ಎನ್ನುವವರಿದ್ದಾರೆ. ಅಮೆರಿಕದ ಲಿಂಡಾ ಬ್ಯಾಬ್‌ಕಾಕ್, ಲೀಸ್ ವೆಸ್ಟರ್‌ಲುಂಡ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಬಡ್ತಿಗೆ ನೆರವಾಗದ ಕೆಲಸಕ್ಕೆ ಗಂಡು-ಹೆಣ್ಣು ಬೆರೆತ ಗುಂಪಿನಲ್ಲಿ ಹೆಂಗಸರೇ ಹೆಚ್ಚು ಮುಂದೆ ಬಂದರು. ಬರೀ ಗಂಡಸರ ಗುಂಪು, ಬರೀ ಹೆಂಗಸರ ಗುಂಪು ಮಾಡಿದಾಗ ಆ ವ್ಯತ್ಯಾಸವೇ ಇರಲಿಲ್ಲ. ಅಂದರೆ ಗಂಡಸರಿಗೂ ಆ ಕೆಲಸ ಬರುತ್ತದೆ. ಹೆಂಗಸರು ಎದುರಿಗಿದ್ದರೆ ಕಾಯುತ್ತಾರೆ, ಅಷ್ಟೇ. ಇಂಥ ಕೆಲಸವನ್ನು ಹೆಂಗಸರಿಗೇ ಹೆಚ್ಚು ಹೇಳುತ್ತಾರೆ, ಹೇಳುವವರು ಗಂಡಸಾದರೂ ಹೆಂಗಸಾದರೂ, ಎಂಬುದೂ ಅದೇ ಅಧ್ಯಯನದಲ್ಲಿ ಕಂಡಿತು.

ಲೆಕ್ಕ ಇಡುವುದು ಹೇಗೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ನಮ್ಮ ವಠಾರದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಅಕ್ಕ ಒಬ್ಬರಿದ್ದಾರೆ. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ 2016ರ ಫೆಬ್ರುವರಿಯಲ್ಲಿ ಬಂತು. ಆ ಏಪ್ರಿಲ್ 18ರಂದು ಬೊಮ್ಮನಹಳ್ಳಿಯಲ್ಲಿ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಯಾವ ಸಂಘದ ಕರೆಗೂ ಕಾಯದೆ ಹೊಸೂರು ರಸ್ತೆಗೆ ಇಳಿದರು. ಮರುದಿನ ಕೆಲವೆಡೆ ಕಲ್ಲು, ಬೆಂಕಿಯೂ ಆಯಿತು. ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಅಂದೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅಕ್ಕನೂ ಆ ರಸ್ತೆಯಲ್ಲಿದ್ದವರು. 'ಅದು ಮಗಳ ಫೀಸು, ಅವ್ವನ ಆಪರೇಸನ್ನು. ಐವತ್ತೆಂಟು ವರ್ಸದ ಗಂಟ ಯಾರ್ ಕಾಯ್ತಾರೆ? ನಮ್ ದುಡ್ಡಿನ ಲೆಕ್ಕ ನಾವ್ ನೋಡ್ದಿದ್ರೆ ಇನ್ಯಾರ್ ನೋಡ್ತಾರಮ್ಮ?' ಎನ್ನುತ್ತಾರೆ. ಆಮೇಲೊಂದು ದಿನ ಆಫೀಸಿನ ಊಟದ ಮೇಜಿನಲ್ಲಿ ಆರು ಜನ ಎಂಜಿನಿಯರ್ ಹುಡುಗಿಯರನ್ನು ಅವರ ಪಿಎಫ್ ಎಷ್ಟಾಗಿದೆ ಎಂದು ಕೇಳಿದೆ. ನಾಲ್ವರಿಗೆ ಗೊತ್ತಿರಲಿಲ್ಲ.

ಹಾಗಾಗಿ ಈಗಷ್ಟೇ ಕೆಲಸಕ್ಕೆ ಸೇರುತ್ತಿರುವ ತಂಗಿಯರಿಗೆ ನಾನು ಹೇಳುವುದು ನಾಲ್ಕೇ ಮಾತು.

ಮೊದಲನೆಯದು, ಪ್ರತಿ ಶುಕ್ರವಾರ ಹತ್ತು ನಿಮಿಷ ತೆಗೆದು ಆ ವಾರ ಏನು ಮಾಡಿದಿರಿ, ಅದರಿಂದ ಯಾರಿಗೆ ಏನು ಉಪಯೋಗವಾಯಿತು ಎಂದು ಬರೆದಿಡಿ. ಕಂಪನಿಯ ಗುಟ್ಟು ಬೇಡ, ನಿಮ್ಮ ಕೆಲಸದ ವಿವರ ಸಾಕು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಕ್ರಿ.ಶ. 900ರ ಸುಮಾರಿನ ಶಾಸನವಿದೆ. 'ಬೆಂಗಳೂರು' ಎಂಬ ಹೆಸರು ಆಗಲೇ ಇತ್ತೆಂದು ಇಂದು ನಮಗೆ ಗೊತ್ತಿರುವುದು ಯಾರೋ ಅದನ್ನು ಕಲ್ಲಿನಲ್ಲಿ ಕೆತ್ತಿಟ್ಟದ್ದರಿಂದ. ಬರೆಯದ ಕೆಲಸವನ್ನು ಅಪ್ರೈಸಲ್ ಹೊತ್ತಿಗೆ ಮ್ಯಾನೇಜರ್ ಮಾತ್ರವಲ್ಲ, ಮಾಡಿದವರೂ ಮರೆತಿರುತ್ತಾರೆ.

ಎರಡನೆಯದು, ಹೆಚ್ಚುವರಿ ಕೆಲಸ ಬಂದಾಗ ಮುಖ ಗಂಟಿಕ್ಕುವುದು ಬೇಡ, ಸುಮ್ಮನೆ ತಲೆಯಾಡಿಸುವುದೂ ಬೇಡ. 'ಇದು ನನ್ನ ಈ ವರ್ಷದ ಗುರಿಗಳಲ್ಲಿ ಸೇರುತ್ತದೆಯೇ? ಇಲ್ಲದಿದ್ದರೆ ಮುಂದಿನ ತಿಂಗಳು ಯಾರ ಸರದಿ?' ಎಂದು ಕೇಳಿ. ಈಗಿನ ತಂಡದಲ್ಲಿ ಹೀಗೆ ಕೇಳಿದ ಮೇಲೆ ಟಿಪ್ಪಣಿ ಬರೆಯುವ ಕೆಲಸ ಎಲ್ಲರ ಸರದಿಗೂ ಬಂದಿದೆ. ಯಾರೂ ಜಗಳವಾಡಲಿಲ್ಲ.

ಮೂರನೆಯದು, ಸಂಬಳದ ಚೀಟಿಯನ್ನು ಓದಲು ಕಲಿಯಿರಿ. ಸಿಟಿಸಿ ಬೇರೆ, ಕೈಗೆ ಬರುವುದು ಬೇರೆ. ಕೆಲಸ ಬಿಟ್ಟೊಡನೆ ಪಿಎಫ್ ತೆಗೆದುಬಿಡಬೇಡಿ. ಐದು ವರ್ಷದ ಸೇವೆ ತುಂಬುವ ಮೊದಲೇ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ಹೊಸ ಕಂಪನಿಗೆ ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಸೇರಿಕೊಳ್ಳುತ್ತದೆ.

ನಾಲ್ಕನೆಯದು, ಹೆರಿಗೆಯ ಕಾನೂನನ್ನು ಮದುವೆಗೆ ಮೊದಲೇ ತಿಳಿದುಕೊಳ್ಳಿ. 2017ರ ತಿದ್ದುಪಡಿ ಸಂಬಳಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು. ಮೊದಲ ಎರಡು ಮಕ್ಕಳಿಗೆ ಇದು ಅನ್ವಯ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದೂ ಹೇಳಿತು. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿಕೊಟ್ಟಂತೆ, ಒಂದೇ ವೃತ್ತಿಯಲ್ಲಿರುವ ಗಂಡು-ಹೆಣ್ಣಿನ ಸಂಬಳದ ಅಂತರ ಬಹುಪಾಲು ಹುಟ್ಟುವುದು ಮೊದಲ ಮಗುವಿನೊಂದಿಗೆ. ರಜೆಗೆ ಹೋಗುವ ಮುನ್ನ ಅಲ್ಲಿಯವರೆಗಿನ ಕೆಲಸದ ಮೌಲ್ಯಮಾಪನವನ್ನು ಇ-ಮೇಲ್‌ನಲ್ಲಿ ಕೇಳಿ ಪಡೆದರೆ, ಮರಳಿ ಬಂದಾಗ ಮಾತು ಸೊನ್ನೆಯಿಂದ ಶುರುವಾಗುವುದಿಲ್ಲ.

ಇಷ್ಟೆಲ್ಲ ಲೆಕ್ಕ ಇಡುವವಳು ಸ್ವಾರ್ಥಿ, ಒಳ್ಳೆಯ ಕೆಲಸ ತಾನಾಗಿ ಮಾತಾಡುತ್ತದೆ ಎನ್ನುವ ಹಿರಿಯರಿದ್ದಾರೆ. ನಾನಂತೂ ಕೆಲಸ ತಾನಾಗಿ ಮಾತಾಡಿದ್ದನ್ನು ಕಂಡಿಲ್ಲ, ಅದರ ಪರವಾಗಿ ಯಾರಾದರೂ ಮಾತಾಡಬೇಕಾಗುತ್ತದೆ. ಕ್ಯಾಂಟೀನ್ ಹೊರಗಿನ ಚಹಾ ಹೊತ್ತಿನಲ್ಲಿ ಗಂಡಸರು ಒಬ್ಬರ ಪರ ಒಬ್ಬರು ಇದನ್ನು ಸಹಜವಾಗಿಯೇ ಮಾಡುತ್ತಾರೆ. ನಾವು ಕಾಗದದ ಮೇಲೆ ಮಾಡೋಣ. ಹಾಗೆಂದು ಹೊರೆಯೆಲ್ಲ ಹುಡುಗಿಯರ ತಲೆ ಮೇಲೆಯೇ ಬೇಡ. ಈ ಪುಟ ಓದುವ ಹುಡುಗರೂ ಮುಂದೆ ಮ್ಯಾನೇಜರ್ ಆಗುವವರೇ. ಟಿಪ್ಪಣಿ ಯಾರು ಬರೆಯುತ್ತೀರಿ ಎಂದು ಕೇಳಿ ಕಾಯುವ ಬದಲು ಸರದಿಯ ಪಟ್ಟಿ ಹಾಕಿ. ಅದಕ್ಕೆ ಖರ್ಚೇನೂ ಇಲ್ಲ.

ಕೊನೆಯ ವರ್ಷದಲ್ಲಿರುವವರಿಗೆ ಇನ್ನೊಂದು ಮಾತು. ಸಂದರ್ಶನದ ಕೊನೆಗೆ 'ನಿಮ್ಮದೇನಾದರೂ ಪ್ರಶ್ನೆ ಇದೆಯೇ?' ಎಂದು ಕೇಳಿಯೇ ಕೇಳುತ್ತಾರೆ. 'ಈ ಹುದ್ದೆಯಲ್ಲಿ ಮೊದಲ ಬಡ್ತಿಗೆ ಯಾವ ಕೆಲಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ?' ಎಂದು ಕೇಳಿ. ಅವರು ಕೊಟ್ಟ ಉತ್ತರವನ್ನು ಅಂದೇ ಬರೆದಿಟ್ಟುಕೊಳ್ಳಿ.