ಬೊಡ್ಡೆ ಕಿತ್ತ ಮಾತ್ರಕ್ಕೆ ಮೇವು ಹುಟ್ಟುವುದಿಲ್ಲ

ಕಾಡಾನೆಗಳು ಗದ್ದೆಗಿಳಿದಾಗಲೆಲ್ಲ ಈಗ ಒಂದು ಬೇಡಿಕೆ ಕೇಳಿಬರುತ್ತಿದೆ: ಕಾಡಿನೊಳಗಿನ ನೀಲಗಿರಿ, ಅಕೇಶಿಯಾ, ಸೆನ್ನಾ ಮರಗಳನ್ನು ಕಡಿಯಿರಿ, ಜೆಸಿಬಿ ತಂದು ಬೊಡ್ಡೆ ಕೀಳಿಸಿ, ನೆಲ ಹಸನು ಮಾಡಿ ಪ್ರಾಣಿಗಳಿಗೆ ಮೇವು ಬೆಳೆಸಿ. ಬೆಳೆ ಕಳೆದುಕೊಂಡ ರೈತ ಹೀಗೆ ಹೇಳುವುದು ಸಹಜ. ಆದರೆ ಅದನ್ನೇ ಯೋಜನೆಯೆಂದು ಒಪ್ಪಿ ಟೆಂಡರ್ ಕರೆಯುವುದು ಅರಣ್ಯ ಇಲಾಖೆಗೆ ಸಲ್ಲದು. ಪರದೇಶಿ ಮರಗಳು ಹೋಗಲೇಬೇಕು. ಮೇವು ಬರಲೇಬೇಕು. ಆದರೆ ಕಾಡಿನ ನೆಲವನ್ನು ಯಂತ್ರದಿಂದ ಬಗೆದರೆ ಅಲ್ಲಿ ಮೇವಿಗಿಂತ ಮೊದಲು ಕಳೆಯೇ ಬೆಳೆಯುತ್ತದೆ.

ರೋಗ ಚಿಕ್ಕದೇನಲ್ಲ. ಹಳದಿ ಹೂವಿಗಾಗಿ, ನೆರಳಿಗಾಗಿ ಅಮೆರಿಕ ಖಂಡದಿಂದ ತಂದ ಸೆನ್ನಾ ಸ್ಪೆಕ್ಟಾಬಿಲಿಸ್ ಇಂದು ವಯನಾಡು, ಮುದುಮಲೆ, ಬಂಡೀಪುರ, ನಾಗರಹೊಳೆಯವರೆಗೆ ಹಬ್ಬಿದೆ. ಅದರ ದಟ್ಟ ನೆರಳಿನಡಿ ಹುಲ್ಲು ಏಳುವುದಿಲ್ಲ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಬಂದ ಲಂಟಾನ ಈಗ ನಮ್ಮ ಹುಲಿ ಕಾಡುಗಳ ಕೆಳಹಂತವನ್ನೇ ನುಂಗಿದೆ. 2023ರ ಗಣತಿಯ ಅಂದಾಜಿನಂತೆ ರಾಜ್ಯದಲ್ಲಿ 6,395 ಆನೆಗಳಿದ್ದವು. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಆನೆ ಹೊಲಕ್ಕೆ ಬರಲು ಕಾಡಿನ ಹಸಿವೊಂದೇ ಕಾರಣವಲ್ಲ. ಅದರ ದಾರಿಗಳು ತುಂಡಾಗಿವೆ, ಭತ್ತ ಬಾಳೆಗಳ ರುಚಿ ಅದಕ್ಕೆ ಹತ್ತಿದೆ. ಆದರೂ ಕಾಡಿನ ಹುಲ್ಲುನೆಲ ಮರಳಿ ಬರಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಜಗಳವಿರುವುದು ಬೊಡ್ಡೆಯ ಬಳಿ. ಸೆನ್ನಾ ಮರವನ್ನು ಕಡಿದು ಬಿಟ್ಟರೆ ಸಾಯುವುದಿಲ್ಲ. ಮಳೆ ಬಿದ್ದೊಡನೆ ತೊಗಟೆಯ ಅಂಚಿನಿಂದ ಸುತ್ತಲೂ ಚಿಗುರು ಒಡೆದು, ಒಂದು ಕಾಂಡವಿದ್ದಲ್ಲಿ ಹಲವು ಕಾಂಡಗಳ ಪೊದೆ ಏಳುತ್ತದೆ. ನೀಲಗಿರಿಯೂ ಹಾಗೆಯೇ. ಕಡಿದಷ್ಟೂ ಕೂಳೆ ಬರುತ್ತದೆಂದೇ ಕಾಗದದ ಕಾರ್ಖಾನೆಗಳಿಗೆ ಅದು ಪ್ರಿಯವಾಯಿತು. ಹೀಗಿರುವಾಗ ಬುಡಸಮೇತ ಕಿತ್ತೊಗೆಯುವುದೇ ಸರಿ ಎಂದು ಯಾರಿಗಾದರೂ ಅನ್ನಿಸೀತು.

ಆದರೆ ಕಿತ್ತ ಮೇಲೆ ಏನಾಗುತ್ತದೆಂದು ನೋಡಿ. ಯಂತ್ರದ ಬಕೆಟ್ಟು ಬೊಡ್ಡೆಯನ್ನು ಎತ್ತುವಾಗ ಅದರ ಅಕ್ಕಪಕ್ಕದ ಬೇರುಗಳನ್ನೂ, ನಡುವೆ ತಾನಾಗಿ ಎದ್ದಿದ್ದ ನೆಲ್ಲಿ, ಮತ್ತಿ, ಹೊನ್ನೆಯ ಸಸಿಗಳನ್ನೂ ಕಿತ್ತುಹಾಕುತ್ತದೆ. ಅಡಿಯ ಮಣ್ಣು ಮೇಲಾಗಿ ಮೇಲ್ಮಣ್ಣು ಹೂತುಹೋಗುತ್ತದೆ. ಇಳಿಜಾರಿನಲ್ಲಿ ಮೊದಲ ಮಳೆಗೇ ಸಡಿಲ ಮಣ್ಣು ಹಳ್ಳ ಸೇರುತ್ತದೆ. ಸೆನ್ನಾ ಬೀಜಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರುತ್ತವೆ. ನೆಲ ಕದಡಿ ಬಿಸಿಲು ತಾಗಿದೊಡನೆ ಅವು ಒಟ್ಟಾಗಿ ಮೊಳೆಯುತ್ತವೆ. ಜೊತೆಗೆ ಪಿಕಳಾರಗಳು ಉದುರಿಸಿದ ಲಂಟಾನ ಬೀಜ, ಗಾಳಿಗೆ ಬಂದ ಪಾರ್ಥೇನಿಯಂ, ಯುಪಟೋರಿಯಂ. ಹುಲ್ಲು ಬೇರೂರುವ ಮುನ್ನ ಜಾಗ ಇವುಗಳ ಪಾಲಾಗುತ್ತದೆ.

ಬೇರೆ ದಾರಿ ಇಲ್ಲವೆನ್ನುವುದು ಸುಳ್ಳು. ವಯನಾಡಿನಲ್ಲಿ ದೊಡ್ಡ ಸೆನ್ನಾ ಮರಗಳನ್ನು ಕಡಿಯದೆ, ಬುಡದಿಂದ ಎದೆಮಟ್ಟದವರೆಗೆ ತೊಗಟೆ ಸುಲಿದು ನಿಂತಲ್ಲೇ ಒಣಗಿಸುತ್ತಾರೆ, ಸಣ್ಣ ಸಸಿಗಳನ್ನು ಮಳೆಗಾಲದ ಮೆತ್ತನೆ ಮಣ್ಣಿನಿಂದ ಕೈಯಲ್ಲೇ ಕೀಳುತ್ತಾರೆ. ಲಂಟಾನಕ್ಕೆ ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ.ಆರ್. ಬಾಬು ತಂಡ ರೂಪಿಸಿದ ವಿಧಾನವಿದೆ. ನೆಲಮಟ್ಟಕ್ಕಿಂತ ಮೂರ್ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿ ಇಟ್ಟು ಒಣಗಿಸುವುದು. ಗುದ್ದಲಿ ಸಾಕು, ಮಣ್ಣು ಕದಡುವುದು ಅಂಗೈಯಗಲ. ನೀಲಗಿರಿ ಬೊಡ್ಡೆಯ ಚಿಗುರನ್ನು ಬಂದಂತೆಲ್ಲ ಮುರಿಯುತ್ತ ಹೋದರೆ ಬೇರಿನ ಕಸುವು ತೀರಿ ಅದು ಸಾಯುತ್ತದೆ. ಸತ್ತ ಬೊಡ್ಡೆ ಕಾಡಿಗೆ ಹೊರೆಯಲ್ಲ. ಗೆದ್ದಲು ಅದನ್ನು ಹಿಡಿಯುತ್ತದೆ, ಗೆದ್ದಲಿಗಾಗಿ ಕರಡಿ ಬಂದು ಕೆದಕುತ್ತದೆ, ಇರುವೆಗಾಗಿ ಮರಕುಟಿಗ ಬರುತ್ತದೆ. ಕೊಳೆತದ್ದೆಲ್ಲ ಅಲ್ಲೇ ಗೊಬ್ಬರ. ಅದನ್ನು ದುಡ್ಡು ಕೊಟ್ಟು ಹೊರಗೆ ಸಾಗಿಸುವುದೇಕೆ?

ಇನ್ನು ಬಿತ್ತುವುದೇನು ಎಂಬ ಪ್ರಶ್ನೆ. ಬೇಗ ಬೆಳೆಯುವ ಹೈಬ್ರಿಡ್ ನೇಪಿಯರ್ ಹಾಕಿದರಾಯಿತು ಎನ್ನುವವರಿದ್ದಾರೆ. ಅದು ಹೈನುಗಾರರ ಗೊಬ್ಬರ, ನೀರಿನ ಆರೈಕೆಗೆ ಒಗ್ಗಿದ ಹುಲ್ಲು. ಕಾಡಿಗೆ ಬೇಕಾದದ್ದು ಕರಡ, ಗರಿಕೆ, ಬಿದಿರು. ಅತ್ತಿ, ಬಸರಿ, ಬೇಲ, ಕಾನಗಲ. ನಾಗರಹೊಳೆಯ ಹಡ್ಲುಗಳನ್ನು ನೋಡಿ. ತಗ್ಗಿನ ಜೌಗಿನಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಆ ಹುಲ್ಲುಬಯಲುಗಳನ್ನು ಯಾರೂ ಬಿತ್ತಲಿಲ್ಲ. ಅವುಗಳ ಅಂಚಿನಿಂದ ಲಂಟಾನವನ್ನು ತೆಗೆದು, ನೀರು ನಿಲ್ಲುವಂತೆ ನೋಡಿಕೊಂಡರೆ ಜಿಂಕೆ, ಕಾಟಿ, ಆನೆಗಳಿಗೆ ಅದಕ್ಕಿಂತ ಒಳ್ಳೆಯ ಮೇವಿನ ತಾಣ ಬೇಕಿಲ್ಲ. ಹಲಸು ಬಾಳೆಗಳನ್ನು ಕಾಡಂಚಿನಲ್ಲಿ ನೆಡುವುದಂತೂ ಆನೆಯನ್ನು ಊರ ಬಾಗಿಲಿಗೆ ಕರೆದಂತೆ.

ಇಷ್ಟೆಲ್ಲ ತಿಳಿದಿದ್ದರೂ ಯಂತ್ರದ ಮೋಹವೇಕೆ? ಯಂತ್ರದ ಕೆಲಸಕ್ಕೆ ಗಂಟೆಯ ಲೆಕ್ಕವಿದೆ, ಬಿಲ್ಲಿದೆ, ಮಾರ್ಚ್ ಮುಗಿಯುವುದರೊಳಗೆ ತೋರಿಸಲು ಬಯಲಾದ ನೆಲದ ಫೋಟೋ ಇದೆ. ಚಿಗುರು ಮುರಿಯುವ ಕೆಲಸಕ್ಕೆ ನಾಲ್ಕೈದು ವರ್ಷ ಅದೇ ಜನ, ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಮರದ ದಿಮ್ಮಿಗೆ ಪಲ್ಪ್ ಕಾರ್ಖಾನೆಯ ಗಿರಾಕಿ ಇರುವುದರಿಂದ ಕಡಿಯುವ ಆತುರ ಇನ್ನೂ ಹೆಚ್ಚು. ಅಭಯಾರಣ್ಯದಿಂದ ತೆಗೆದ ಅರಣ್ಯ ಉತ್ಪನ್ನವನ್ನು ಸುತ್ತಲಿನ ಜನರ ಸ್ವಂತ ಬಳಕೆಗೆ ಕೊಡಬಹುದು, ವಾಣಿಜ್ಯಕ್ಕೆ ಬಳಸಕೂಡದು ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ. ಕಾಡು ರಿಪೇರಿಯ ಹೆಸರಿನಲ್ಲಿ ಈ ಗೆರೆಯನ್ನು ಅಳಿಸಲು ಬಿಡಬಾರದು.

‘ಆನೆ ಇವತ್ತು ತುಳಿಯುತ್ತಿದೆ, ನೀವು ಐದು ವರ್ಷ ಕಾಯಿರಿ ಅನ್ನುತ್ತೀರಿ’ ಎಂಬ ರೈತರ ಸಿಟ್ಟು ನ್ಯಾಯವಾದದ್ದು. ಆದರೆ ಜೆಸಿಬಿಯೂ ಇವತ್ತಿನ ಆನೆಯನ್ನು ತಡೆಯಲಾರದು. ಇವತ್ತಿನ ಆನೆಗೆ ಗಟ್ಟಿ ತಡೆಬೇಲಿ, ರಾತ್ರಿ ಪಾಳಿಯ ಸಿಬ್ಬಂದಿ, ತಡಮಾಡದ ಪರಿಹಾರ ಬೇಕು. ಮೇವಿನ ಭರವಸೆ ಕೊಟ್ಟು ಈ ಹೊಣೆಯಿಂದ ಸರ್ಕಾರ ನುಣುಚಿಕೊಳ್ಳಬಾರದು.

ಮರ ಕೀಳುವುದು ಹೇಗೆಂದು ಈ ನಾಡಿನ ಹಳ್ಳಿಗರಿಗೆ ಗೊತ್ತು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಊರ ಗೋಮಾಳದಲ್ಲಿ ಕಾರ್ಖಾನೆಗಾಗಿ ನೆಟ್ಟ ನೀಲಗಿರಿ ಸಸಿಗಳನ್ನು ಕಿತ್ತ ಜನ ಅಂದೇ ತಮಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಅವರು ಅಂದು ಎತ್ತಿದ ಪ್ರಶ್ನೆ, ಈ ನೆಲ ಯಾರಿಗಾಗಿ ಎಂಬುದು, ಇನ್ನೂ ಹಾಗೇ ಇದೆ. ಭದ್ರಾವತಿಯ ಕಾಗದದ ಕಾರ್ಖಾನೆ ನಿಂತುಹೋಗಿದ್ದರೂ ಮಲೆನಾಡಿನ ಅದರ ನೆಡುತೋಪುಗಳ ಗುತ್ತಿಗೆಯನ್ನು 2020ರಲ್ಲಿ ಮತ್ತೆ 40 ವರ್ಷ ವಿಸ್ತರಿಸಲಾಯಿತು. ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಜನ ಬೀದಿಗಿಳಿದದ್ದು ಅದಕ್ಕೇ. ಒಂದು ಕಡೆ ಅಕೇಶಿಯಾ ಬೆಳೆಸಲು ಗುತ್ತಿಗೆ, ಇನ್ನೊಂದು ಕಡೆ ಮೇವಿಗೆಂದು ಬೊಡ್ಡೆ ಕೀಳುವ ಟೆಂಡರ್. ಒಂದೇ ಸರ್ಕಾರ ಎರಡನ್ನೂ ಮಾಡುವಂತಿಲ್ಲ.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಸ್ಪಷ್ಟವಿದೆ. ಅಭಯಾರಣ್ಯಗಳೊಳಗೆ ಬೊಡ್ಡೆ ಕೀಳಲು ಭಾರಿ ಯಂತ್ರ ಬಳಸುವುದನ್ನು ನಿಷೇಧಿಸಬೇಕು. ಕಳೆ ತೆಗೆಯುವ ಪ್ರತಿ ಯೋಜನೆಗೂ ಕನಿಷ್ಠ ಐದು ವರ್ಷದ ಹಣವನ್ನು ಮೊದಲೇ ಕಾದಿಡಬೇಕು. ಆ ಕೂಲಿ ಗುತ್ತಿಗೆದಾರರಿಗೆ ಹೋಗದೆ, ಹುಲ್ಲು ಬೀಜದ ಹದ ಬಲ್ಲ ಜೇನುಕುರುಬ, ಬೆಟ್ಟಕುರುಬ, ಸೋಲಿಗರ ಗ್ರಾಮಸಭೆಗಳ ಮೂಲಕ ಅವರ ಕೈ ಸೇರಬೇಕು. ಎಷ್ಟು ಎಕರೆ ಬಯಲಾಯಿತು ಎಂಬ ಲೆಕ್ಕ ಬೇಡ. ಐದನೇ ಮಳೆಗಾಲದಲ್ಲಿ ಎಷ್ಟು ಎಕರೆಯಲ್ಲಿ ನಾಡಹುಲ್ಲು ಉಳಿದಿದೆ ಎಂಬ ಲೆಕ್ಕವನ್ನು ಇಲಾಖೆ ಜನರ ಮುಂದಿಡಲಿ. ಆ ಲೆಕ್ಕ ಕೊಡಲು ಒಪ್ಪದ ಯಾವ ಮೇವಿನ ಯೋಜನೆಗೂ ಒಂದು ರೂಪಾಯಿಯೂ ಸಿಗಬಾರದು.